ಬವಾನಾಕ್ಕೆ ಒಯ್ದ ಮಾತ್ರೆ ಡಬ್ಬಿ

ಬೆಳಗಾವಿಯಲ್ಲಿ ನಾನು ನಿಜಾಮುದ್ದೀನ್ ಗಾಡಿ ಹತ್ತಿದ್ದು ಜನವರಿಯ ಮೊದಲ ವಾರದಲ್ಲಿ. ಚೀಲದಲ್ಲಿ ಬಿಪಿ ನೋಡುವ ಯಂತ್ರ, ಕಟಕ ರೊಟ್ಟಿ, ಶೇಂಗಾ ಹಿಂಡಿ ಮತ್ತು ಊರಿನ ಚಳಿಗೆ ಎಂದೂ ಬೇಕಾಗಿರದಿದ್ದ ಎರಡು ಸ್ವೆಟರುಗಳಿದ್ದವು. ಗದುಗಿನ ಕಡೆಯ ಮಿಶನ್ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ನಿವೃತ್ತಳಾಗಿದ್ದೆ. ತಮ್ಮ ಪ್ರೇಮಾನಂದ ದೆಹಲಿಯಲ್ಲಿ ಸಭಾಪಾಲಕ, ಅಂದರೆ ಚರ್ಚಿನ ಪಾದ್ರಿ. ಅವನ ಸಣ್ಣ ಚರ್ಚಿನ ಹಿಂದೆ ಜೋಪಡಿಗಳ ಒಂದು ಬಸ್ತಿ ಇತ್ತು. ಅಲ್ಲಿನ ಕ್ಷಯರೋಗಿಗಳಿಗೆ ಚರ್ಚಿನ ಒಂದು ಕೋಣೆಯಲ್ಲಿ ದಿನ ಬಿಟ್ಟು ದಿನ ಮಾತ್ರೆ ನುಂಗಿಸುತ್ತಿದ್ದರು. ಆ ಕೆಲಸ ನೋಡುತ್ತಿದ್ದ ನರ್ಸ್ ಕೇರಳಕ್ಕೆ ಹೋಗಿದ್ದಳು. "ಅಕ್ಕಾ, ಒಂದ್ ತಿಂಗಳರೆ ಬಂದು ನಿಂದ್ರು. ನಿನ್ನಂಥವರು ಇಲ್ಲಿ ಸಿಗೂದಿಲ್ಲ," ಎಂದು ಫೋನಿನಲ್ಲಿ ಕರೆದಿದ್ದ. ಅಪ್ಪ ತೀರಿಕೊಂಡ ಮೇಲೆ ನಾನೇ ಓದಿಸಿ ಸೆಮಿನರಿಗೆ ಕಳಿಸಿದ ತಮ್ಮ. ಅವನ ಸೇವೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೂ ಇತ್ತು.

ಸ್ಲೀಪರ್ ಬೋಗಿಯ ಕೆಳಗಿನ ಬರ್ತ್ ಸಿಕ್ಕಿತ್ತು. ಪುಣೆ ದಾಟುವವರೆಗೆ ಮರಾಠಿ, ಭೂಸಾವಳದ ನಂತರ ಹಿಂದಿ. ಭೋಪಾಲದಲ್ಲಿ ತಿಂದ ಪೂರಿ ಭಾಜಿ ಎಣ್ಣೆಯಲ್ಲೇ ತೇಲುತ್ತಿತ್ತು. ಝಾನ್ಸಿ ಬಿಟ್ಟ ಮೇಲೆ ಮಂಜು ಎಷ್ಟು ದಟ್ಟವಾಯಿತೆಂದರೆ ಗಾಡಿ ನಡೆದಷ್ಟು ಹೊತ್ತು ನಿಂತೂ ನಿಂತಿತು. ಬೆಳಿಗ್ಗೆ ತಲುಪಬೇಕಾದವಳು ನಿಜಾಮುದ್ದೀನಿನಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಪ್ರೇಮಾನಂದ ಪಾದ್ರಿಯ ಬಿಳಿ ಕೊರಳಪಟ್ಟಿಯ ಮೇಲೆ ಮಫ್ಲರ್ ಸುತ್ತಿಕೊಂಡು ಪ್ಲಾಟ್‌ಫಾರ್ಮಿನಲ್ಲೇ ಕಾದಿದ್ದ. ತಲೆ ನರೆತಿತ್ತು. ಆಟೋದವನೊಡನೆ "ಅರೇ ಭಯ್ಯಾ" ಎಂದು ಚೌಕಾಸಿ ಮಾಡುವ ದನಿಯಲ್ಲಿ ನಮ್ಮೂರು ಉಳಿದಿರಲಿಲ್ಲ.

ಚರ್ಚು ಇದ್ದದ್ದು ವಸಂತ್ ಕುಂಜದ ಫ್ಲ್ಯಾಟುಗಳನ್ನು ದಾಟಿ, ವಿಮಾನಗಳು ತೀರ ಕೆಳಗೆ ಹಾರುವ ಕಡೆ. ನಮ್ಮೂರಿನದರಂತೆ ಅದೂ ಬಿಷಪ್ಪರ ಆಡಳಿತಕ್ಕೆ ಸೇರಿದ ಸಭೆಯೇ. ಕೆಂಪು ಇಟ್ಟಿಗೆಯ ಕಟ್ಟಡ, ಗಿಡ್ಡ ಗೋಪುರ, ಐವತ್ತು ಕುಟುಂಬ ತುಂಬದ ಸಭೆ. ಪಂಜಾಬಿಗಳು, ತಮಿಳರು, ಮಿಜೋ ಹುಡುಗಿಯರು, ನಿವೃತ್ತ ಅಧಿಕಾರಿಗಳು. ಕನ್ನಡ ಬಲ್ಲವರು ಒಬ್ಬರೇ: ಸಭಾ ಸಮಿತಿಯ ಕಾರ್ಯದರ್ಶಿ. ಮಡಿಕೇರಿಯಲ್ಲಿ ಬೆಳೆದು, ಸೈನ್ಯದಲ್ಲಿ ಕರ್ನಲ್ ಆಗಿ ನಿವೃತ್ತರಾದವರು. ಅವರನ್ನು ಎಲ್ಲರೂ ಕರ್ನಲ್ ಸಾಹೇಬರೆನ್ನುತ್ತಿದ್ದರು. ನಾನು ಬಂದ ಸಂಜೆಯೇ ಒಂದು ಬುಟ್ಟಿ ಕಿತ್ತಳೆಯಂಥ ಕಿನ್ನೂ ಹಣ್ಣು, ಒಂದು ಕೋಣೆ ಹೀಟರ್ ತಂದುಕೊಟ್ಟು, "ನಮ್ಮೂರ ಕಡೆಯವರ ಮಾತು ಕೇಳಿ ಎಷ್ಟು ದಿನ ಆಯ್ತು ಸಿಸ್ಟರ್," ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಮರುದಿನ ಬುಧವಾರ, ಕೋಣೆ ತೆರೆಯುವ ದಿನ. ಚರ್ಚಿನ ಹಿಂಬದಿಯ ಆ ಕೋಣೆಯಲ್ಲಿ ಒಂದು ಮೇಜು, ಎರಡು ಬೆಂಚು, ಸರ್ಕಾರಿ ಡಿಸ್ಪೆನ್ಸರಿಯವರು ಕೊಟ್ಟ ಮಾತ್ರೆ ಡಬ್ಬಿಗಳು. ಒಬ್ಬೊಬ್ಬ ರೋಗಿಗೆ ಒಂದೊಂದು ಡಬ್ಬಿ, ಮೇಲೆ ಅವರ ಹೆಸರು. ಮಾತ್ರೆಯ ಜೊತೆಗೆ ಬೇಯಿಸಿದ ಒಂದು ಮೊಟ್ಟೆ ಕೊಡುವುದು ಚರ್ಚಿನ ವ್ಯವಸ್ಥೆ. ಆಗ ಬರುತ್ತಿದ್ದವರು ನಾಲ್ವರು: ಮೂವರು ಕಟ್ಟಡ ಕೆಲಸದ ಗಂಡಸರು, ರೇಖಾ ಎಂಬ ಒಬ್ಬ ಹೆಂಗಸು. ರೇಖಾ ಉತ್ತರಪ್ರದೇಶದ ಮಹೋಬಾ ಕಡೆಯವಳು, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕೆಮ್ಮು ಗೊತ್ತಾದ ದಿನ ಎಲ್ಲ ಮನೆಯವರೂ ಕೆಲಸ ಬಿಡಿಸಿದ್ದರು. ಔಷಧ ಶುರುವಾಗಿ ಒಂದು ತಿಂಗಳಾಗಿತ್ತು, ಮೈಗೆ ತೂಕ ಬರತೊಡಗಿತ್ತು. ಮಾತ್ರೆಗಳನ್ನು ಅಂಗೈಯಲ್ಲಿ ಹರಡಿಕೊಂಡು, ದೊಡ್ಡದನ್ನು ಮೊದಲು ನುಂಗಿ, ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಮನೆಯಲ್ಲಿ ಮಗಳಿದ್ದಾಳೆ ಎಂದಳು. ಇಲ್ಲೇ ತಿನ್ನಬೇಕು ಎಂದು ನಾನು ಗದರಿದೆ. ಅವಳು ಅರ್ಧ ತಿಂದಳು. ಮುಂದಿನ ಸಲದಿಂದ ನಾನು ಎರಡು ಮೊಟ್ಟೆ ಬೇಯಿಸತೊಡಗಿದೆ. ಆಸ್ಪತ್ರೆಯ ದಿನಗಳಲ್ಲಿ ಕಲಿತ ನನ್ನ ಹರಕು ಹಿಂದಿ ಕೇಳಿ ಅವಳು ಬಾಯಿಗೆ ಕೈಯಡ್ಡ ಹಿಡಿದು ನಗುತ್ತಿದ್ದಳು.

ಆ ಶನಿವಾರ ಕರ್ನಲ್ ಸಾಹೇಬರು ನನ್ನನ್ನು ಕಾರಿನಲ್ಲಿ ದೆಹಲಿ ತೋರಿಸಲು ಕರೆದೊಯ್ದರು. ಚಾಣಕ್ಯಪುರಿಯ ಅಗಲ ರಸ್ತೆಗಳಲ್ಲಿ ಸುತ್ತಿಸಿ, ಮಧ್ಯಾಹ್ನ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿನಲ್ಲಿ ಬಿಸಿಬೇಳೆಭಾತ್ ಕೊಡಿಸಿದರು. ತಟ್ಟೆ ಖಾಲಿಯಾಗುವ ಹೊತ್ತಿಗೆ, ಮುಂದಿನ ಭಾನುವಾರ ಬಿಷಪ್ಪರು ಬರುತ್ತಾರೆ, ಹರೆಯದವರನ್ನು ಸಭೆಗೆ ಸೇರಿಸಿಕೊಳ್ಳುವ ದೃಢೀಕರಣದ ಆರಾಧನೆ ಇದೆ, ಆ ಹಿಂದಿನ ಕೋಣೆಯನ್ನು ಸುಣ್ಣಬಣ್ಣ ಮಾಡಿ ಅತಿಥಿಗಳ ಕೋಣೆ ಮಾಡಲು ಸಮಿತಿ ತೀರ್ಮಾನಿಸಿದೆ ಎಂದರು. ಮಾತ್ರೆ ಕೊಡುವುದೆಲ್ಲಿ ಎಂದು ಕೇಳಿದೆ.

"ಅದನ್ನ ನಿಲ್ಲಿಸಬೇಕಾಗುತ್ತೆ ಸಿಸ್ಟರ್. ಪಕ್ಕದ ಕೋಣೇಲೇ ಸಂಡೇ ಸ್ಕೂಲ್ ನಡೆಯುತ್ತೆ. ತಾಯಂದಿರಿಗೆ ಭಯ."

ಕೆಲವು ವಾರ ಔಷಧ ಹೊಟ್ಟೆಗೆ ಬಿದ್ದವರಿಂದ ರೋಗ ಅಂಟುವ ಭಯ ತೀರ ಕಡಿಮೆ, ನಡುವೆ ನಿಲ್ಲಿಸಿದರೇ ಅದು ಮದ್ದಿಗೆ ಬಗ್ಗದ ರೋಗವಾಗುವುದು ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು, ತಲೆಯನ್ನೂ ಆಡಿಸಿದರು. ಆಮೇಲೆ, ತಮಗೆ ಅರ್ಥವಾಗುತ್ತದೆ, ಆ ತಾಯಂದಿರಿಗೆ ಅರ್ಥ ಮಾಡಿಸುವುದು ತಮ್ಮಿಂದಾಗದು ಎಂದು ಹೇಳಿ, ನನಗೆ ಇನ್ನೊಂದು ಕಪ್ ಕಾಫಿ ತರಿಸಿದರು.

ಸಂಜೆ ತಮ್ಮನನ್ನು ಕೇಳಿದೆ. ಅವನಿಗೆ ಎಲ್ಲವೂ ಗೊತ್ತಿತ್ತು. ನನ್ನನ್ನು ಕರೆಸುವಾಗ ತೀರ್ಮಾನ ಆಗಿರಲಿಲ್ಲವಂತೆ, ಬರಿಯ ಮಾತಿತ್ತಂತೆ. ಊರಿನಿಂದ ಅನುಭವಿ ನರ್ಸ್ ಬಂದರೆ ಸಮಿತಿ ಒಪ್ಪೀತು ಅಂದುಕೊಂಡಿದ್ದನಂತೆ. ಹಾಗಾದರೆ ಸಮಿತಿಯ ಮುಂದೆ ನೀನೇನು ಮಾತಾಡಿದೆ ಎಂದು ಕೇಳಿದ್ದಕ್ಕೆ ಪ್ರಾರ್ಥನೆ ಮಾಡಿದೆ ಎಂದ.

ಬಿಷಪ್ಪರು ಬರುವ ವಾರ ನಾನು ರೋಗಿಗಳಿಗೆ ಮೆಟ್ಟಿಲ ಮೇಲೆ ಕುಳಿತು ಮಾತ್ರೆ ಕೊಟ್ಟೆ, ಕೋಣೆಯಲ್ಲಿ ಬಣ್ಣದವರಿದ್ದರು. ಶುಕ್ರವಾರ ಬೆಳಿಗ್ಗೆ ಮಂಜಿನೊಳಗೆ ಬುಲ್ಡೋಜರುಗಳ ಸದ್ದು ಕೇಳಿತು. ನಗರ ಆಗ ಕಾಮನ್‌ವೆಲ್ತ್ ಆಟಗಳಿಗೆ ಸಿಂಗರಿಸಿಕೊಳ್ಳುತ್ತಿತ್ತು. ಬಸ್ತಿಗಳು ಒಂದೊಂದಾಗಿ ನೆಲಸಮವಾಗುತ್ತಿದ್ದವು. ನಮ್ಮ ಹಿಂದಿನ ಬಸ್ತಿಯವರಿಗೆ ನೋಟಿಸು ಬಂದು ಬಹಳ ದಿನವಾಗಿತ್ತು, ನಂಬಿದವರು ಕಡಿಮೆ. ಪೊಲೀಸರು ಸಾಲಾಗಿ ನಿಂತಿದ್ದರು. ಜನ ಮಂಚ, ತಗಡು, ಗ್ಯಾಸಿನ ಒಲೆ ಹೊತ್ತು ಚರ್ಚಿನ ಗೇಟಿಗೆ ಬಂದರು. ಹೊಸ ಜಾಗಕ್ಕೆ ಒಯ್ಯುವ ಲಾರಿಗಳು ಬರುವವರೆಗೆ ಸಾಮಾನು ಒಳಗಿಡಲು ಬಿಡಿ, ಮಕ್ಕಳನ್ನಾದರೂ ಒಳಗೆ ಕೂರಿಸಿ ಎಂದು ಬೇಡಿದರು.

ಅಂಗಳದಲ್ಲಿ ಶಾಮಿಯಾನದ ಕಂಬಗಳು ಬಂದಿದ್ದವು. ಪ್ರೇಮಾನಂದ ವರಾಂಡದಲ್ಲಿ ನಿಂತು ಕರ್ನಲ್ ಸಾಹೇಬರಿಗೆ ಫೋನ್ ಮಾಡಿದ. ಫೋನ್ ಇಟ್ಟವನು ಚೌಕಿದಾರನಿಗೆ ಗೇಟು ತೆಗೆಯಬೇಡ ಎಂದ.

"ಒಮ್ಮೆ ಒಳಗ ಬಂದ್ರ ಹೊರಗ ಹಾಕೂದು ಹ್ಯಾಂಗಕ್ಕಾ?" ಎಂದು ನನ್ನನ್ನು ಕೇಳಿದ.

ಗೇಟಿನ ಬಳಿ ರೇಖಾ ಕಂಡಳು. ಸೊಂಟದಲ್ಲಿ ಮಗಳು, ತಲೆಯ ಮೇಲೆ ರಜಾಯಿಯ ಗಂಟು. ಅದು ಮಾತ್ರೆಯ ದಿನ. ಒಳಗೆ ಹೋಗಿ ಅವಳ ಡಬ್ಬಿ, ಒಂದು ಲೋಟ ನೀರು ತಂದು ಗೇಟಿನ ಸರಳುಗಳ ನಡುವಿನಿಂದ ಕೈಚಾಚಿದೆ. ಲೋಟ ಸರಳುಗಳಲ್ಲಿ ತೂರಲಿಲ್ಲ. ಅವಳು ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು ಬೊಗಸೆಯೊಡ್ಡಿದಳು, ನಾನು ನೀರು ಸುರಿದೆ. ಅಷ್ಟರಲ್ಲಿ ಲಾರಿ ಬಂತು. ಎಲ್ಲಿಗೆ ಎಂದು ಕೂಗಿ ಕೇಳಿದೆ. ಬವಾನಾ ಎಂದಳು. ಆ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು, ನಗರದ ಇನ್ನೊಂದು ತುದಿಯಂತೆ. ಮೂವರು ಗಂಡಸರು ಎತ್ತ ಹೋದರೋ ತಿಳಿಯಲಿಲ್ಲ.

ಭಾನುವಾರ ಬಿಸಿಲು ಬಂದಿತ್ತು. ಶಾಮಿಯಾನ, ಚೆಂಡುಹೂವು, ಬಿಳಿ ಫ್ರಾಕಿನ ಹುಡುಗಿಯರು. ಬಿಷಪ್ಪರು ವಯಸ್ಸಾದವರು, ಮೆತ್ತಗಿನ ದನಿಯವರು. ಅವರ ಉಪದೇಶದ ನಂತರ ಪ್ರೇಮಾನಂದ ಹಿಂದಿಯಲ್ಲಿ ಸಭೆಯ ವರದಿ ಓದಿದ. ಗಾಯಕವೃಂದ, ಸ್ತ್ರೀಯರ ಕೂಟ, ಆಮೇಲೆ ನೆರೆಹೊರೆಯ ಸೇವೆ. ಚರ್ಚಿನ ಕೋಣೆಯಲ್ಲಿ ಬಡ ಕ್ಷಯರೋಗಿಗಳಿಗೆ ಔಷಧ ಕೊಡಲಾಗುತ್ತಿದೆ, ಇದಕ್ಕಾಗಿ ತನ್ನ ಅಕ್ಕ ಕರ್ನಾಟಕದಿಂದ ಬಂದಿದ್ದಾರೆ ಎಂದು ಓದಿದ. ಕೊಡಲಾಗುತ್ತಿದೆ ಎಂದೇ ಓದಿದ. ಬಿಷಪ್ಪರು ಪ್ರೀತಿಯಿಂದ ನನ್ನ ಕಡೆ ನೋಡಿ ಎದ್ದು ನಿಲ್ಲುವಂತೆ ಸನ್ನೆ ಮಾಡಿದರು. ಸಭೆ ಚಪ್ಪಾಳೆ ತಟ್ಟಿತು.

ನಾನು ಎದ್ದೆ. ಚಪ್ಪಾಳೆ ನಿಂತ ಮೇಲೆ ಕೂರಲು ಆಗಲಿಲ್ಲ. ನನ್ನ ಹರಕು ಹಿಂದಿಯಲ್ಲೇ ಹೇಳಿದೆ:

"ಆ ಕೋಣೆ ಮುಚ್ಚಿದೆ. ಅಲ್ಲೀಗ ಸೋಫಾ ಇದೆ. ರೋಗಿಗಳು ಮೊನ್ನೆ ಗೇಟಿಗೆ ಬಂದಿದ್ದರು, ಗೇಟು ತೆಗೆಯಲಿಲ್ಲ."

ಯಾರೂ ತಿರುಗಿ ನೋಡಲಿಲ್ಲ. ಬಿಷಪ್ಪರು ಕನ್ನಡಕ ತೆಗೆದು ಒರೆಸಿಕೊಂಡರು. ಆರ್ಗನ್ ನುಡಿಸುವವಳು ಮುಂದಿನ ಗೀತೆ ಎತ್ತಿಕೊಂಡಳು, ಎಲ್ಲರೂ ಹಾಡಲು ಎದ್ದರು, ಹೀಗಾಗಿ ನಾನು ನಿಂತಿದ್ದರಲ್ಲಿ ವಿಶೇಷವೇನೂ ಉಳಿಯಲಿಲ್ಲ. ಊಟಕ್ಕೆ ಪುಲಾವ್, ಕೋಳಿ, ಗಾಜರ್ ಹಲ್ವಾ ಇತ್ತು. ಕರ್ನಲ್ ಸಾಹೇಬರು ತಾವೇ ನನಗೊಂದು ತಟ್ಟೆ ತಂದುಕೊಟ್ಟರು. ಈ ಸಲ ಕನ್ನಡದಲ್ಲಿ ಮಾತಾಡಲಿಲ್ಲ.

ಸಂಜೆ ಪ್ರೇಮಾನಂದ ತತ್ಕಾಲ್ ಕೋಟಾದಲ್ಲಿ ಬುಧವಾರದ ಟಿಕೆಟ್ ತಂದು ಮೇಜಿನ ಮೇಲಿಟ್ಟ. "ನೀ ಹೋಗ್ತಿ ಅಕ್ಕಾ. ನಾ ಇದೇ ಮಂದಿ ಜೋಡಿ ಇರಬೇಕು," ಎಂದ. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವನು ದಣಿದವನಂತೆ ಹೇಳಿದ. ಆ ಊರಿನಲ್ಲಿ ನನಗೆ ಅವನದಲ್ಲದೆ ಬೇರೆ ಮನೆ ಇರಲಿಲ್ಲ.

ಸೋಮವಾರ ರೇಖಾಳ ಡಬ್ಬಿ ಚೀಲದಲ್ಲಿಟ್ಟುಕೊಂಡು ಒಬ್ಬಳೇ ಹೊರಟೆ. ಬ್ಲೂಲೈನ್ ಬಸ್ಸಿನಲ್ಲಿ ನಿಂತೇ ಕಶ್ಮೀರಿ ಗೇಟ್, ಅಲ್ಲಿಂದ ಮೆಟ್ರೋದಲ್ಲಿ ರಿಠಾಲಾ. ಮೆಟ್ರೋ ಹೊಸದು, ಮನೆಯ ಪಡಸಾಲೆಗಿಂತ ಸ್ವಚ್ಛ. ಬಾಗಿಲು ಮುಚ್ಚಿದರೆ ಹೊರಗಿನ ಒಂದು ಸದ್ದೂ ಇಲ್ಲ. ರಿಠಾಲಾದಿಂದ ಇನ್ನೊಂದು ಬಸ್, ಆಮೇಲೆ ಮಂದಿಯನ್ನು ತುರುಕಿದ ಟೆಂಪೋ. ಸಾಸಿವೆ ಹೊಲಗಳು ಹಳದಿ ಹೂ ಬಿಟ್ಟಿದ್ದವು. ಬವಾನಾ ಊರನ್ನು ದಾಟಿ ಟೆಂಪೋ ನನ್ನನ್ನು ಒಂದು ಬಯಲಿನಲ್ಲಿ ಇಳಿಸಿತು. ಮನೆಬಿಟ್ಟು ಬರೋಬ್ಬರಿ ಅರ್ಧ ದಿನವಾಗಿತ್ತು.

ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಜಾಗ ಹಂಚಿದ್ದರು. ಒಂದೊಂದು ಚೌಕದಲ್ಲಿ ನಾಲ್ಕು ಬಿದಿರು, ಮೇಲೊಂದು ಪ್ಲಾಸ್ಟಿಕ್. ಗಾಳಿಗೆ ತಡೆಯಿಲ್ಲ. ನೀರಿನ ಟ್ಯಾಂಕರ್ ಸುತ್ತ ಜಗಳ ನಡೆದಿತ್ತು. ಕೇಳುತ್ತ ಕೇಳುತ್ತ ಹೋದೆ. ರೇಖಾಳೇ ನನ್ನನ್ನು ಮೊದಲು ಕಂಡಳು. ಮಗಳಿಗೆ ಜ್ವರ, ಗಂಡ ಕೆಲಸ ಹುಡುಕಿಕೊಂಡು ಹಳೆಯ ಬಸ್ತಿಯ ಕಡೆಗೇ ಹೋಗಿದ್ದ. ರಾತ್ರಿ ಮೈ ಬೆವರುತ್ತದೆ, ಈ ಚಳಿಗಾಳಿಗೆ ಕೆಮ್ಮು ಮತ್ತೆ ಶುರುವಾಗಿದೆ ಎಂದಳು. ನನ್ನೆದುರೇ ಮಾತ್ರೆ ನುಂಗಿದಳು. ಡಿಸ್ಪೆನ್ಸರಿ ಎಲ್ಲಿದೆ ಎಂದು ಕೇಳಿದಾಗ ಅಕ್ಕಪಕ್ಕದವರು ಬಯಲಿನಾಚೆ ಛಾವಣಿಯಿಲ್ಲದ ನಾಲ್ಕು ಗೋಡೆ ತೋರಿಸಿದರು. ಬವಾನಾ ಊರಿನಲ್ಲಿ ಒಂದಿದೆ, ಅಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂದರು.

ರೋಗಿಯ ಕೈಗೆ ಡಬ್ಬಿ ಕೊಡಬಾರದೆಂಬುದು ನಿಯಮ. ಕೊಟ್ಟೆ. ಯಾವ ದಿನ ಯಾವುದು ಎಂದು ಎರಡು ಸಲ ಹೇಳಿದೆ. ಅವಳು ಡಬ್ಬಿಯನ್ನು ರಜಾಯಿಯೊಳಗೆ ಸುತ್ತಿಟ್ಟಳು.

"ಬುಧವಾರ ಬರ್ತೀರಾ, ಸಿಸ್ಟರ್ ಜೀ?"

"ಬುಧವಾರ ನಾನು ರೈಲಿನಲ್ಲಿರ್ತೀನಿ."

"ಪಾದ್ರಿ ಜೀ ಬರ್ತಾರಾ?"

ಹೇಳುತ್ತೇನೆ ಎಂದೆ. ಅವಳು ತಲೆಯಾಡಿಸಿ, ಕತ್ತಲಾಗುವುದರೊಳಗೆ ಹೊರಡಿ, ಟೆಂಪೋ ಸಿಗುವುದಿಲ್ಲ ಎಂದು ನನ್ನ ಬಗ್ಗೆಯೇ ಕಾಳಜಿ ಮಾಡಿದಳು.

ಮಂಗಳವಾರ ನಮ್ಮ ಕಡೆಯ ಡಿಸ್ಪೆನ್ಸರಿಗೆ ಹೋಗಿ ವಿಚಾರಿಸಿದೆ. ಕೋಣೆಯ ಹೊಣೆ ಹೊತ್ತಿದ್ದ ಸಭಾಪಾಲಕರು ಒಮ್ಮೆ ಅವಳ ಜೊತೆ ಬವಾನಾ ಕೇಂದ್ರಕ್ಕೆ ಹೋಗಿ ಒಪ್ಪಿಸಿದರೆ ಅಲ್ಲಿಯವರು ಔಷಧ ಮುಂದುವರಿಸುತ್ತಾರೆ ಎಂದರು. ಒಂದು ದಿನದ ಕೆಲಸ. ಮನೆಗೆ ಬಂದು ತಮ್ಮನಿಗೆ ಹೇಳಬೇಕೆಂದಿದ್ದೆ. ಅವನು ಬಿಷಪ್ಪರ ಕಚೇರಿಗೆ ಹೋದವನು ನಾನು ಮಲಗಿದ ಮೇಲೆ ಬಂದ.

ಬುಧವಾರ ಮಧ್ಯಾಹ್ನ ನಿಜಾಮುದ್ದೀನಿನಲ್ಲಿ ನನ್ನ ಚೀಲವನ್ನು ಬರ್ತಿನ ಕೆಳಗೆ ತಳ್ಳಿ, ನೀರಿನ ಬಾಟಲಿ ತಂದುಕೊಟ್ಟು, ಅವನು ಹೊರಗೆ ಕಿಟಕಿಯ ಬಳಿ ನಿಂತ.

"ಆ ಹೆಣ್ಣಮಗಳು ಸಿಕ್ಕಳೇನು?" ಎಂದು ಕೇಳಿದ.

"ಸಿಕ್ಕಳು."

"ದೇವರಿಗೆ ಸ್ತೋತ್ರ," ಎಂದ. ನಾನು ಬಂದಾಗಿನಿಂದ ಅವನ ಮುಖ ಅಷ್ಟು ಹಗುರಾದದ್ದು ನೋಡಿರಲಿಲ್ಲ. ಅವನ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು.

ಮುಗಿದಿಲ್ಲವೆಂದು ಹೇಳಿದೆ. ಡಿಸ್ಪೆನ್ಸರಿಯವರ ಮಾತು, ಹೋಗುವ ದಾರಿ, ಅವಳ ಚೌಕದ ಗುರುತು ಎಲ್ಲ ಹೇಳಿದೆ. ಅವನು ಕಿಟಕಿಯ ಸರಳು ಹಿಡಿದುಕೊಂಡು, "ನೋಡ್ತೀನಕ್ಕಾ," ಎಂದ. ಗಾಡಿ ಅಲುಗಿತು. ನಾಲ್ಕು ಹೆಜ್ಜೆ ಜೊತೆಗೆ ಬಂದು ಕೈಬಿಟ್ಟ. ನಾನು ಕಿಟಕಿಗೆ ಮುಖವೊತ್ತಿ ನೋಡುತ್ತಿದ್ದಾಗ ಅವನು ಜೇಬಿನಿಂದ ಫೋನ್ ತೆಗೆದು ಯಾರೊಂದಿಗೋ ಮಾತಾಡುತ್ತ ಜನರಲ್ಲಿ ಸೇರಿಹೋದ.

ಊರಿಗೆ ಬಂದು ಹದಿನೈದು ದಿನಕ್ಕೆ, ಬವಾನಾಕ್ಕೆ ಹೋಗಿದ್ದೆಯಾ ಎಂದು ಫೋನಿನಲ್ಲಿ ಕೇಳಿದೆ. ಈ ವಾರ ಹೋಗುತ್ತೇನೆ ಎಂದ. ಈಸ್ಟರ್ ಹೊತ್ತಿಗೆ ಇನ್ನೊಮ್ಮೆ ಫೋನ್ ಬಂತು. ನಾನು ಕೇಳಲಿಲ್ಲ, ಅವನೂ ಆ ಸುದ್ದಿ ಎತ್ತಲಿಲ್ಲ. ದೆಹಲಿಯಲ್ಲಿ ಬಿಸಿಲು ಏರಿದೆ ಎಂದ. ಇಲ್ಲಿಯೂ ಏರಿದೆ ಎಂದೆ.