ಕಾಗದ ದಾಟಿದ ಗೆರೆ

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದನ್ನು ನೀವು ನಿಂತು ನೋಡಿದ್ದೀರಾ? ಗರಗರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಬಸ್ ಸ್ಟ್ಯಾಂಡಿನ ಹತ್ತಿರ ಅದು ಮೂಗಿಗೆ ಬಡಿದು ನಿಂತೇಬಿಟ್ಟೆ. ಬೇರೆಯವರಿಗೆ ಹರೆಯವೆಂದರೆ ಮಲ್ಲಿಗೆ, ನನಗೆ ಅರಗು. ವಾಟ್ ಟು ಡೂ!

ಬೆಂಗಳೂರಿನ ಕಾಲೇಜೊಂದರ ಲ್ಯಾಬಿನಲ್ಲಿ ನಾನೂ ಹೊಂಗನೂರಿನ ಜಯಮ್ಮನೂ ಒಟ್ಟಿಗೆ ರಿಸರ್ಚ್ ಮಾಡುತ್ತಿದ್ದೆವು. ಕೆಲಸ ಏನೆಂದು ಹೇಳಿದರೆ ನಗಬಾರದು. ಗಿನಿ ಪಿಗ್‌ನ ಕರುಳಿನ ತುಂಡೊಂದನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ತೂಗಿಬಿಡುವುದು. ಕರುಳಿನ ಸ್ಮೂತ್ ಮಸಲ್, ಅಂದರೆ ನಮ್ಮ ಮಾತಿಗೆ ಕಾಯದೆ ತನ್ನ ಪಾಡಿಗೆ ಹಿಂಡುವ ಸ್ನಾಯು, ಬಿಗಿದಷ್ಟೂ ಅದಕ್ಕೆ ಕಟ್ಟಿದ ಕಡ್ಡಿ ಮೇಲೇರಿ, ಮಸಿ ಹಿಡಿಸಿದ ಕಾಗದದ ಮೇಲೆ ಬಿಳಿ ಗೆರೆ ಗೀಚುತ್ತಿತ್ತು. ಗೆರೆ ಅಳಿಸದಂತೆ ಕಾಗದವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಅದ್ದುತ್ತಿದ್ದೆವು. ಕಾನ್ವೆಂಟಿನಲ್ಲಿ ನೀಟ್‌ನೆಸ್ ಪ್ರೈಜ್ ಗೆದ್ದಿದ್ದ ನಾನು ಸಂಜೆ ಹಾಸ್ಟೆಲ್ಲಿಗೆ ಮರಳುವಾಗ ಸೌದೆ ಒಲೆ ಊದಿದವಳಂತೆ ಇರುತ್ತಿದ್ದೆ.

ಬ್ರಾಡಿಕೈನಿನ್ ಎಂಬ ಪೆಪ್ಟೈಡ್, ಪ್ರೋಟೀನಿನ ಪುಟ್ಟ ಚೂರು, ಒಂದು ಹನಿ ಬಿದ್ದರೆ ಕರುಳು ಹಿಂಡಿಕೊಳ್ಳುತ್ತದೆ. ಕೈಮೋಟ್ರಿಪ್ಸಿನ್ ಎಂಬ ಎನ್‌ಜೈಮ್ ಇಂಥ ಚೂರುಗಳಿಗೆ ಕತ್ತರಿ ಇದ್ದ ಹಾಗೆ. ಅದು ಸೋಕಿದರೆ ಗೆರೆ ಕುಗ್ಗಬೇಕು ಎಂದು ನಮ್ಮ ಪ್ರೊಫೆಸರ್ ಮೇಡಂ ಎಣಿಸಿದ್ದರು. ನಾನು ಕರುಳನ್ನು ಎನ್‌ಜೈಮಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಮತ್ತೆ ಅಷ್ಟೇ ಬ್ರಾಡಿಕೈನಿನ್ ಹಾಕಿದೆ. ಗೆರೆ ಮೊದಲಿಗಿಂತ ಎತ್ತರ!

"ನಾನ್ಸೆನ್ಸ್! ಟೇಬಲ್ ಒದ್ದಿರ್ತೀಯ, ಇಲ್ಲ ಡೋಸ್ ಜಾಸ್ತಿ ಹಾಕಿರ್ತೀಯ," ಎಂದರು ಮೇಡಂ. "ನಾಳೆ ನನ್ನೆದುರಿಗೆ ಇದೇ ಗೆರೆ ಮತ್ತೆ ಬರಲಿಲ್ಲ ಅಂದ್ರೆ ಈ ಟಾಪಿಕ್ ಮರೆತುಬಿಡು."

ಟಾಪಿಕ್ ಹೋದರೆ ಅಷ್ಟು ದಿನದ ದುಡಿಮೆಯೆಲ್ಲ ನೀರುಪಾಲು. ಮರುದಿನ ಪಿಪೆಟ್ ಹಿಡಿದವರು ಮೇಡಂ. ನಾನು ಬಾಗಿಲ ಬಳಿ ಕೈಕಟ್ಟಿ ನಿಂತಿರಬೇಕು. "ಒಸಿ ಉಸ್ರಾಡೇ, ಸತ್ಗಿತ್ತೋದೀಯೆ!" ಎಂದು ಜಯಮ್ಮ ತಿವಿದಳು.

ಎನ್‌ಜೈಮಿನಲ್ಲಿ ನೆನೆಸಿ ತೊಳೆದ ಕರುಳಿಗೆ ಹನಿ ಬಿತ್ತು. ಕಡ್ಡಿ ಏರಿತು, ಇನ್ನೂ ಏರಿತು, ಕಾಗದದ ಅಂಚು ದಾಟಿ ಗಾಳಿಯಲ್ಲಿ ಬರೆಯತೊಡಗಿತು!

"ಪೇಪರ್ ಬುಟ್ಟೇ ಹೊಂಟೋಯ್ತು ಕಣೇ!" ಜಯಮ್ಮ ಕಿರುಚಿದಳು.

ಮೇಡಂ ಕರುಳನ್ನು ಮತ್ತೆ ತೊಳೆದು ಅರ್ಧ ಡೋಸ್ ಹಾಕಿದರು. ಎನ್‌ಜೈಮಿಗೆ ಮುಂಚೆ ಇಡೀ ಡೋಸ್ ಏರಿಸಿದ್ದ ಎತ್ತರಕ್ಕೆ ಈ ಅರ್ಧವೇ ಏರಿಸಿತು. ಎನ್‌ಜೈಮ್ ಆಗಲೇ ತೊಳೆದುಹೋಗಿತ್ತು, ಬದಲಾಗಿದ್ದದ್ದು ಕರುಳು! ಮೇಡಂ ಇನ್ನೂ ಅರಗಿಗೆ ಅದ್ದದ ಕಾಗದದ ಮೂಲೆಗೆ ತಮ್ಮ ಹೆಬ್ಬೆಟ್ಟು ಒತ್ತಿದರು. "ನಾಳೆ ನಾನೇ ನಂಬದೆ ಹೋದರೆ ಇದನ್ನ ತೋರಿಸು."

ಮೊನ್ನೆ ಆ ಬೊಂಬೆ ಅಂಗಡಿಯ ಮುಂದೆ ನಿಂತೇ ಜಯಮ್ಮನಿಗೆ ಫೋನ್ ಮಾಡಿದೆ. "ಆ ಕರುಳು ಯಾಕೆ ಹಾಗಾಯ್ತೇ?"

"ಚೆನ್ನಾಗಿದ್ದೀಯಾ ಅಂತ ಕೇಳಾಕೂ ಪುರುಸೊತ್ತಿಲ್ವಾ? ಎನ್‌ಜೈಮು ಮೇಲಿನ ಪೊರೆ ಸವರಿ ಪೆಪ್ಟೈಡಿಗೆ ಬಾಗ್ಲು ತೆಗೀತು ಅಂತ ಅವತ್ತೇ ಯೋಳ್ಲಿಲ್ವಾ?"

"ಇಂಪಾಸಿಬಲ್! ಕರುಳಿನೊಳಗೇ ಇದ್ದ ಬೇರೊಂದು ಕತ್ತರಿಯನ್ನ ಮೊಂಡು ಮಾಡಿತು. ಅದಕ್ಕೇ ಪೆಪ್ಟೈಡ್ ಹೆಚ್ಚು ಹೊತ್ತು ಉಳೀತು."

"ಹೋಗೇ ಕಾನ್ವೆಂಟು! ಜಗಳ ಆಡಾಕೆ ಹೊಂಗನೂರಿಗೇ ಬಾ, ಬಸ್ ಐತೆ."

ಹತ್ತಿಯೇಬಿಟ್ಟೆ. ಕಿಟಕಿ ಪಕ್ಕ ಕೂತ ಮೇಲೆ ಥಟ್ಟನೆ ಹೊಳೆಯಿತು: ಯಾವ ಕತ್ತರಿಗೂ ಸಿಗದ ಬ್ರಾಡಿಕೈನಿನ್ ಈಗ ತಯಾರಿಸುತ್ತಾರಂತೆ. ಅದನ್ನು ಹಾಕಿದಾಗಲೂ ಎನ್‌ಜೈಮಿನ ನಂತರ ಗೆರೆ ಮೊದಲಿಗಿಂತ ಎತ್ತರಕ್ಕೆ ಹೋದರೆ ಅವಳು ಸರಿ, ಹೋಗದಿದ್ದರೆ ನಾನು.

"ಡ್ರೈವರಪ್ಪಾ," ಎಂದು ಕೂಗಿದೆ, "ಒಸಿ ಬೇಗ ಹೊರಡಪ್ಪಾ!"