ಚಿಪ್ಪಿನ ಮೇಲೆ ಮೂರೆಳೆ ವಿಭೂತಿ

ಮದುವೆಯಾಗಿ ದಾವಣಗೆರೆಯ ವಿನೋಬನಗರದ ಮನೆಗೆ ಬಂದಾಗ ನನ್ನ ಜೊತೆ ನನ್ನ ಕಂಪ್ಯೂಟರೂ ಬಂತು. ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿ, ಸಂಬಳ ಕೂಡಿಟ್ಟು ಕೊಂಡದ್ದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಓಣಿಗೆಲ್ಲ ಅದೊಂದೇ. ಪಾಠದ ತಯಾರಿ ಎಂದು ಹೇಳಿ ನಾನು ಅದರಲ್ಲಿ ಕಾರ್ ರೇಸ್ ಆಡುತ್ತಿದ್ದೆ. ಹುಚ್ಚು ಹಿಡಿದವಳಂತೆ ಆಡುತ್ತಿದ್ದೆ ಎಂದರೂ ಸರಿಯೇ. ಒಂದೇ ಸಂಕಟ: ತಿರುವಿನಲ್ಲಿ ನಾಲ್ಕು ಕಾರು ಒಟ್ಟಿಗೆ ಬಂದರೆ ಚಿತ್ರ ತಡವರಿಸುತ್ತಿತ್ತು, ನನ್ನ ಕಾರು ಹೋಗಿ ಗೋಡೆಗೆ ಬಡಿಯುತ್ತಿತ್ತು.

ಪರದೆಯ ಮೇಲೆ ಚಿತ್ರ ಮೂಡಿಸುವ ನನ್ನ ಗ್ರಾಫಿಕ್ಸ್ ಕಾರ್ಡ್ ಅಗ್ಗದಲ್ಲಿ ಅಗ್ಗದ್ದು, ಅದಕ್ಕೊಂದು ಫ್ಯಾನೂ ಇರಲಿಲ್ಲ. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ ಕಾರ್ಡಿನ ವೇಗ ಏರಿಸುವ ಪುಟ್ಟ ಪ್ರೋಗ್ರಾಂ ಸಿಕ್ಕ ದಿನ ನನಗೆ ಊಟವೇ ಸೇರಲಿಲ್ಲ. ತೊಂಬತ್ತು ಮೆಗಾಹರ್ಟ್ಸ್ ಇದ್ದದ್ದನ್ನು ಒಂದೇ ಏಟಿಗೆ ತೊಂಬತ್ತಾರು ಮಾಡಿದೆ. ಕಾರು ಹಾರಿತು! ಹತ್ತೇ ನಿಮಿಷಕ್ಕೆ ಪರದೆ ತುಂಬ ಬಣ್ಣದ ಚುಕ್ಕಿ. ಕಾರ್ಡಿನ ಚಿಪ್ಪಿನ ಮೇಲೆ ಕೂತು ಅದರ ಕಾವು ಹೀರುವ ಅಲ್ಯೂಮಿನಿಯಂ ತುಂಡನ್ನು, ಅಂದರೆ ಹೀಟ್‌ಸಿಂಕನ್ನು, ಮುಟ್ಟಿದರೆ ಬೆರಳು ಚುರ್ ಎಂದಿತು.

ಅದನ್ನು ಬಿಚ್ಚಿ ಸರಿಯಾಗಿ ಕೂರಿಸಬೇಕಿತ್ತು. ಆದರೆ ಆ ಮನೆಯಲ್ಲಿ ಯಂತ್ರ ಬಿಚ್ಚುವ ಹಕ್ಕು ಮಾವನೊಬ್ಬರದೇ. ಹರಿಹರದ ಲೇಥ್ ವರ್ಕ್‌ಶಾಪಿನಲ್ಲಿ ಅವರು ಹಳೆಯ ಫಿಟ್ಟರ್. ಮಿಕ್ಸಿ, ಹೊಲಿಗೆ ಮಿಷಿನ್ನು, ಸ್ಕೂಟರು, ಎಲ್ಲವೂ ಅವರ ಸ್ಕ್ರೂಡ್ರೈವರಿಗೇ ಕಾಯಬೇಕು. ಧೈರ್ಯ ಮಾಡಿ ಕೇಳಿದೆ.

"ಬಿಚ್ಚವ್ವಾ, ನಿಂದೇ ಐತಲ್ಲ," ಎಂದರು. "ಆದ್ರ ಸುಟ್ಟಿ ಅಂದ್ರ, ಈ ಮನ್ಯಾಗ ಇನ್ಯಾವ್ದಕ್ಕೂ ಸ್ಕ್ರೂಡ್ರೈವರ್ ಹಚ್ಚಂಗಿಲ್ಲ ನೋಡು."

ನಗುತ್ತಲೇ ಹೇಳಿದರು. ಆದರೆ ಮಾವನ ಮಾತು ಮಾತೇ. ತವರಿನಲ್ಲಿ ಫ್ಯಾನು, ರೇಡಿಯೊ ಬಿಚ್ಚಿಯೇ ಬೆಳೆದವಳು ನಾನು. ಇಲ್ಲಿ ಕೈ ಕಟ್ಟಿ ಕೂರುವುದನ್ನು ನೆನೆದರೇ ಮೈ ಉರಿಯಿತು.

ಭಾನುವಾರ ಹೀಟ್‌ಸಿಂಕ್ ಬಿಚ್ಚಿದೆ. ಮಾವ ಅದರ ತಳ ನೋಡಿ, "ಮಟ್ಟಾನೇ ಇಲ್ಲಲ್ಲವ್ವ ಇದು, ಕೂರಾದು ಹೆಂಗ?" ಎಂದು ಮಾಡಿದವರನ್ನು ಬೈದರು. ಸೋಮವಾರ ಬೆಳಗ್ಗೆ ಊಟದ ಡಬ್ಬಿಯ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ ಹತ್ತಿದರು. ನಾನು ರೇಡಿಯೊ ರಿಪೇರಿ ಅಂಗಡಿಗೆ ಹೋಗಿ, ಆಂಪ್ಲಿಫೈಯರ್ ಕಾವು ಇಳಿಸಲು ಹಚ್ಚುವ ಬಿಳಿ ಪೇಸ್ಟ್ ತಂದೆ.

ಬಂದು ನೋಡುತ್ತೇನೆ, ಮೇಜಿನ ಮೇಲಿದ್ದ ಕಾರ್ಡಿನ ಕರಿ ಚಿಪ್ಪಿಗೆ ಮೂರೆಳೆ ವಿಭೂತಿ! ಸೋಮವಾರದ ಪೂಜೆ ಮುಗಿಸಿ ಮನೆಯ ಪ್ರತಿ ಯಂತ್ರಕ್ಕೂ ವಿಭೂತಿ ಹಚ್ಚುವುದು ಅತ್ತೆಯ ಪದ್ಧತಿ. ಅಂದು ಇದಕ್ಕೂ ಹಚ್ಚಿದ್ದರು. ನಡುವೆ ಬೂದಿ ಕೂತರೆ ಕಾವು ಹೀಟ್‌ಸಿಂಕಿಗೆ ದಾಟದು, ಒರೆಸಬೇಕೆಂದು ನನಗೆ ಗೊತ್ತು. ಆದರೆ ಹೊಸ ಸೊಸೆ, ಸೋಮವಾರದ ದಿನ, ಅತ್ತೆಯ ಕಣ್ಣೆದುರೇ ವಿಭೂತಿ ಒರೆಸುವುದೇ? ಕೈ ಬರಲಿಲ್ಲ. ಇಷ್ಟು ತೆಳ್ಳನೆಯ ಬೂದಿ ಏನು ಮಾಡೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಜೆ ಮಾವ ವರ್ಕ್‌ಶಾಪಿನಲ್ಲಿ ಉಜ್ಜಿ ಮಟ್ಟ ಮಾಡಿ ತಂದ ಹೀಟ್‌ಸಿಂಕಿನ ತಳದಲ್ಲಿ ನನ್ನ ಮುಖ ಕಾಣುತ್ತಿತ್ತು. ವಿಭೂತಿಯ ಮೇಲೇ ಪೇಸ್ಟ್ ಬಳಿದು ಕೂರಿಸಿದೆ. ಎರಡೆರಡೇ ಮೆಗಾಹರ್ಟ್ಸ್ ಏರಿಸು, ಪ್ರತಿ ಸಲ ಕಾಲು ಗಂಟೆ ಓಡಿಸು, ಅಂಗೈ ಹಿಂಬದಿಯಿಂದ ಮುಟ್ಟಿ ನೋಡು: ಇದು ಮಾವನ ಕಟ್ಟಪ್ಪಣೆ. ತೊಂಬತ್ತೆರಡಕ್ಕೇ ಚುಕ್ಕಿ ಎದ್ದವು. ಮರುಕ್ಷಣ ಪರದೆ ಕಲ್ಲಾಗಿ ನಿಂತಿತು. ಓಡಿಹೋಗಿ ಪ್ಲಗ್ ಕಿತ್ತೆ.

"ಮೊದ್ಲು ತೊಂಬತ್ತಾರರ ತನ ಹೋಗಿತ್ತಲ್ಲ? ನಡುವೆ ಏನ್ ಹಚ್ಚೀದಿ?" ಮಾವ ಕೇಳಿದರು.

"ಪೇಸ್ಟ್ ರೀ ಮಾವ."

"ಬರೇ ಪೇಸ್ಟಾ?"

ನಾನು ನೆಲ ನೋಡಿದೆ. ಅತ್ತೆಯ ಹೆಸರು ಹೇಳಿದ್ದರೆ ಪಾರಾಗುತ್ತಿದ್ದೆ. ಆದರೆ ನೋಡಿಯೂ ಬಿಟ್ಟವಳು ನಾನಲ್ಲವೇ?

ಅಡುಗೆಮನೆ ಬಾಗಿಲಿನಿಂದ ಅತ್ತೆಯೇ ಅಂದರು: "ಮುಂಜಾನೆ ನಾನ ವಿಭೂತಿ ಹಚ್ಚಿದ್ದೆ. ಅದು ಒಳಗ ಮುಚ್ಚೋ ಸಾಮಾನು ಅಂತ ನಂಗೇನ್ ಗೊತ್ತು?"

ಮಾವ ಹಣೆ ಹಣೆ ಬಡಿದುಕೊಂಡು ನಕ್ಕರು. "ಅಲ್ಲೇ, ಬೇರಿಂಗ್ ಒಳಗ ಬೂದಿ ತುಂಬಿದಂಗಾತಲ್ಲ! ನೀನರ ಯಾಕ ಒರಸ್ಲಿಲ್ಲವ್ವ?"

"ಹೆಂಗ್ ಒರಸ್ಲಿರಿ..."

"ಹುಚ್ಚಿ, ಹೇಳಿದ್ರ ನಾನ ಒರಸ್ತಿದ್ನಲ್ಲ," ಎಂದ ಅತ್ತೆ, ನಾನು ಬಿಚ್ಚಿಕೊಟ್ಟ ಕಾರ್ಡನ್ನು ಕೂಸಿನ ಮೂಗು ಒರೆಸಿದಂತೆ ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡರು. ನನಗೆ ಅಳು ಬಂತು, ನಗುವೂ ಬಂತು.

ಹೊಸದಾಗಿ ಪೇಸ್ಟ್ ಹಚ್ಚಿ ಮತ್ತೆ ಶುರು. ತೊಂಬತ್ತೆರಡು, ತೊಂಬತ್ತಾರು, ನೂರು! ಒಲೆಯ ಪಕ್ಕ ರೊಟ್ಟಿ ಆರಿಹೋದವು, ಯಾರೂ ಏಳಲಿಲ್ಲ. ನೂರಾ ನಾಲ್ಕಕ್ಕೆ ಅದೇ ತಿರುವು, ಅವೇ ನಾಲ್ಕು ಕಾರು. ಸರ್ರನೆ ನುಗ್ಗಿ ಮುಂದೆ ಹೋದೆ! ನಾನು ಕಿರುಚಿದೆ. "ಹೊಡೀ, ಹೊಡೀ!" ಎಂದು ಅತ್ತೆ ನನ್ನ ಕುರ್ಚಿಯನ್ನೇ ಅಲುಗಾಡಿಸಿದರು. ನೂರಾ ಆರಕ್ಕೆ ಒಂದೇ ಒಂದು ಚುಕ್ಕಿ ಮಿಣುಕಿತು. ಇನ್ನೂ ಏರಿಸುವ ಚಪಲ ನನಗೆ.

"ಬ್ಯಾಡ," ಎಂದರು ಮಾವ. "ಎರಡು ಮೆಟ್ಲು ಇಳಿಸಿ ಅಲ್ಲೇ ಬಿಡು. ಮಿಷಿನ್ನು ಒದರೋ ತನ ಓಡಿಸ್ಬಾರ್ದು."

ಒಲ್ಲದ ಮನಸ್ಸಿನಿಂದ ನೂರಾ ಎರಡಕ್ಕೆ ಇಳಿಸಿದೆ. ಆ ಕಾರ್ಡ್ ಅದೇ ವೇಗದಲ್ಲಿ ವರ್ಷಗಟ್ಟಲೆ ಓಡಿತು.

ಮುಂದಿನ ವಾರ ಮಿಕ್ಸಿ ನಿಂತುಹೋಯಿತು. ಮಾವ ಪಡಸಾಲೆಯಲ್ಲೇ ಕೂತಿದ್ದರು. ಅತ್ತೆ ಅವರನ್ನು ದಾಟಿ ಬಂದು ಮಿಕ್ಸಿಯನ್ನು ನನ್ನ ಮುಂದಿಟ್ಟರು.

"ಬಿಚ್ಚು," ಎಂದರು. "ವಿಭೂತಿ ನೀ ಮುಚ್ಚಿದ ಮ್ಯಾಲೆ ಹಚ್ತೀನಿ."

ಮಾವ ಸ್ಕ್ರೂಡ್ರೈವರನ್ನು ನನ್ನ ಕಡೆ ಸರಿಸಿದರು.