ಬೊಂಗ್ಯೋ ಹುಡುಕಿದ ಹೋಟೆಲು

ತುಂಗ್‌ಕಾಂಗ್ ಬಂದರಿನ ತ್ಸಾಯ್ ಮನೆತನದವರು ಒಟ್ಟಿಗೆ ಕೂತು ಹೊರಗೆ ಉಣ್ಣಬೇಕೆಂದರೆ ಹೋಟೆಲು ಹುಡುಕುವ ಕೆಲಸ ಬೊಂಗ್ಯೋಳದ್ದು. ಮೂವತ್ತು ವರ್ಷದಿಂದ ಹಾಗೇ ನಡೆದಿದೆ. ಫೋನಿನಲ್ಲಿ ಬರುವ ಮಾತೂ ಮೂವತ್ತು ವರ್ಷದಿಂದ ಒಂದೇ: "ಅಕ್ಕಾ, ತೀರಾ ದುಬಾರಿ ಬೇಡ, ತೀರಾ ಅಗ್ಗದ್ದೂ ಬೇಡ. ಆರಾಮಾಗಿ ಕೂತು ತಿನ್ನೋ ಹಾಗಿರ್ಲಿ."

ಹೇಳುವವರಿಗೇನು ಹೋಗಬೇಕು? ಕಿರಿಯ ತಮ್ಮ ಬೂನ್‌ತೊಂಗ್‌ಗೆ ಕೀಲುನೋವು, ಚಿಪ್ಪುಮೀನು ತಿಂದರೆ ಕಾಲಿನ ಹೆಬ್ಬೆರಳು ಬದನೆಕಾಯಿಯಾಗುತ್ತದೆ. ಹಿರಿಯ ತಮ್ಮ ಕಿಮ್‌ಹಾಯ್‌ಗೆ ವ್ಯಾನು ನಿಲ್ಲಿಸಲು ಜಾಗ ಬೇಕು. ಅವನ ಹೆಂಡತಿ ಸ್ಯೂಗ್ವೆ ದನದ ಮಾಂಸವಿರುವ ಬಾಣಲೆಯ ವಾಸನೆಯನ್ನೂ ತಾಳಳು. ಮೇಜಿನ ನಂಬರು ನಾಲ್ಕಾಗಿರಬಾರದು, ನಾಲ್ಕು ಅಂದರೆ ಸಾವು ಅಂದ ಹಾಗೆ ಕೇಳಿಸುತ್ತದೆ. ತರಿಸುವ ಬಗೆಗಳು ಏಳಾಗಬಾರದು, ಏಳು ಬಗೆ ಸಾವಿನ ಊಟಕ್ಕೆ. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಬೊಂಗ್ಯೋ ಸೈಕಲ್ ಹತ್ತಿ ಊರೆಲ್ಲ ಸುತ್ತಿ ಬರುತ್ತಾಳೆ. ಅವಳಿಗೆ ಏನು ಇಷ್ಟ ಎಂದು ಕೇಳುತ್ತೀರಾ? ಆ ಮನೆಯಲ್ಲಿ ಅದನ್ನು ಯಾರೂ ಕೇಳಿದವರಿಲ್ಲ.

ಅವಳಿಗೀಗ ಅರವತ್ತಮೂರು. ಹೆಸರು ಇಟ್ಟಾಗಲೇ ಅವಳ ಬೆಲೆ ಗೊತ್ತಾಗಿಹೋಗಿತ್ತು. ಗಂಡುಮಗು ಬೇಕೆಂದು ಕಾದಿದ್ದ ಅಪ್ಪ, ಹೆಣ್ಣು ಎಂದಾಗ ಹೋಗಲಿ, ಹೇಗೋ ಸಾಕೋಣ ಅಂದನಂತೆ. ಆ ಮಾತೇ ಹೆಸರಾಯಿತು. ಬೊಂಗ್ಯೋ ಅಂದರೆ ಅಷ್ಟೇ ಅರ್ಥ. ಅವಳಿಗೆ ಹದಿಮೂರಾದಾಗ ಅಪ್ಪನ ದೋಣಿ ಮಗುಚಿತು, ಹೆಣವೂ ಸಿಗಲಿಲ್ಲ. ಅಂದಿನಿಂದ ಬಂದರಿನ ಶೆಡ್ಡಿನಲ್ಲಿ ಸೀಗಡಿ ಸುಲಿದು ಇಬ್ಬರು ತಮ್ಮಂದಿರನ್ನು ಸಾಕಿದಳು. ಮೊದಲ ಕೂಲಿಯನ್ನು ಅಂಚೆಕಚೇರಿಯಲ್ಲಿ ಇಡಲು, ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ಬೇಕೆಂದರು. ಬೀದಿಯ ಮುದ್ರೆಯವ ಕಿರುಬೆರಳುದ್ದದ ಮರದ ತುಂಡಿನ ಮೇಲೆ ಅವಳ ಹೆಸರು ಕೆತ್ತುತ್ತ ಫಕ್ಕನೆ ನಕ್ಕ. "ನಗೋದೇನಿದೆ? ಕೆತ್ತು," ಅಂದಳಂತೆ ಹದಿನಾಲ್ಕರ ಹುಡುಗಿ. ಆ ಮುದ್ರೆ ಇವತ್ತಿಗೂ ಅವಳ ಕೈಚೀಲದಲ್ಲಿದೆ.

ಮದುವೆಗೆ ಗಂಡು ಬಂದಿರಲಿಲ್ಲವೆಂದಲ್ಲ. ಪಕ್ಕದ ಊರಿನ ಹಣ್ಣಿನ ತೋಟದವನೊಬ್ಬ ಬಂದಿದ್ದ. ಬೂನ್‌ತೊಂಗ್‌ನ ಓದು ಮುಗಿಯಲಿ ಎಂದಳು ಅಮ್ಮ. ಆ ಪುಣ್ಯಾತ್ಮ ಎರಡು ವರ್ಷ ಕಾದು ಬೇರೆಯವಳನ್ನು ಕಟ್ಟಿಕೊಂಡ. ಆಮೇಲೆ ಕಿಮ್‌ಹಾಯ್‌ನ ಮದುವೆ, ಅವನ ಮಗ ಚೀಹೊಂಗ್‌ನ ಆರೈಕೆ, ಕೊನೆಗೆ ಪಾರ್ಶ್ವವಾಯು ಬಡಿದ ಅಮ್ಮನ ಹನ್ನೊಂದು ವರ್ಷದ ಹಾಸಿಗೆ. ತಮ್ಮಂದಿರು ಹಬ್ಬಕ್ಕೆ ಹಣ್ಣು ತಂದು ಬಾಗಿಲಲ್ಲೇ ನಿಂತು "ಅಮ್ಮ ಚೆನ್ನಾಗಿದಾಳಲ್ಲ" ಎಂದು ಹೋಗುತ್ತಿದ್ದರು. ಅಮ್ಮ ಚೆನ್ನಾಗಿರಲು ಯಾರ ಸೊಂಟ ಮುರಿಯುತ್ತಿತ್ತೆಂದು ಕೇಳುವ ಪುರಸೊತ್ತು ಅವರಿಗಿರಲಿಲ್ಲ.

ಈ ಸಲ ಫೋನು ಮಾಡಿದ್ದು ಸ್ಯೂಗ್ವೆ. ಅಮ್ಮ ತೀರಿಕೊಂಡು ವರ್ಷ ತುಂಬುತ್ತಿತ್ತು. ಅಂದು ಬೆಳಿಗ್ಗೆ ಸತ್ತ ಹಿರಿಯರ ಹೆಸರು ಬರೆದು ಮನೆಯಲ್ಲಿ ಪೂಜೆಗಿಟ್ಟ ಮರದ ಹಲಗೆಯನ್ನು ಬಿಚ್ಚಿ ಅಮ್ಮನ ಹೆಸರನ್ನು ಸೇರಿಸಬೇಕು, ಮಧ್ಯಾಹ್ನ ಎಲ್ಲರೂ ಹೊರಗೆ ಊಟ.

"ಹಾಗೇ ಬರುವಾಗ ನಿಮ್ಮ ಮುದ್ರೆ ತಂದ್ಬಿಡಿ ಅಕ್ಕ," ಎಂದಳು ಸ್ಯೂಗ್ವೆ. "ಮನೆ ಕಾಗದಾನೂ ಅವತ್ತೇ ಮುಗಿಸಿಬಿಡೋಣ. ಚೀಹೊಂಗ್‌ಗೆ ಹೆಣ್ಣು ನೋಡ್ತಿದೀವಲ್ಲ, ಹಳೇ ಮನೆ ಕೆಡವಿ ಮೂರಂತಸ್ತು ಎಬ್ಬಿಸೋಣ ಅಂತ ಇವರು. ಹಿಂದುಗಡೆ ರೂಮು ನಿಮಗೇ."

ಬೊಂಗ್ಯೋ ಈಗಲೂ ಇರುವ ಆ ಮನೆ ಅಮ್ಮನ ಹೆಸರಲ್ಲಿತ್ತು. ಮೂವರು ಮಕ್ಕಳ ಮುದ್ರೆ ಬೀಳದೆ ಅದು ಯಾರ ಹೆಸರಿಗೂ ಹೋಗದು. ಬೊಂಗ್ಯೋಗೆ ಮನೆಯ ಪಾಲು ಬೇಕಿರಲಿಲ್ಲ. ಒತ್ತುತ್ತೇನೆ, ತಗೊಂಡು ಹಾಳಾಗಿ ಹೋಗಿ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಬೇರೊಂದು. ಸತ್ತ ಮೇಲೆ ತನ್ನ ಹೆಸರೂ ಆ ಹಲಗೆಯಲ್ಲಿರಬೇಕು, ಅಮ್ಮನ ಪಕ್ಕ. ವರ್ಷಕ್ಕೊಮ್ಮೆ ಚೀಹೊಂಗ್ ಒಂದು ಊದುಬತ್ತಿ ಹಚ್ಚಿದರೆ ಸಾಕು. ಆದರೆ ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ಹಲಗೆ, ಆಗದವಳಿಗೆ ಯಾವ ಮನೆಯದೂ ಇಲ್ಲ. ನಮ್ಮ ಕಡೆಯ ಕಟ್ಟಳೆ ಹಾಗೆ. ಮಾಡಿದವನ ಬಾಯಿಗೆ ಮಣ್ಣು ಹಾಕ! ಈಚೆಗೆ ಕೆಲವು ಮನೆಗಳಲ್ಲಿ ಸಡಿಲ ಮಾಡಿದ್ದಾರೆಂದು ಅವಳು ಕೇಳಿದ್ದಳು. ತಮ್ಮಂದಿರು ಮನಸ್ಸು ಮಾಡಿದರೆ ಆಗದ್ದೇನಲ್ಲ. ಅದನ್ನು ಊಟದ ಹೊತ್ತಿಗೆ ಕೇಳಬೇಕು, ಹೊಟ್ಟೆ ತುಂಬಿದಾಗ ಗಂಡಸರು ಮೆತ್ತಗಾಗಿರುತ್ತಾರೆ ಎಂದು ಅವಳ ಲೆಕ್ಕ.

ಹಾಗಾಗಿ ಈ ಸಲ ಹೋಟೆಲು ಹುಡುಕಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಂದರಿನ ಎದುರು ಗಾಜಿನ ತೊಟ್ಟಿಗಳಿರುವ ದೊಡ್ಡ ಭೋಜನಶಾಲೆಗೆ ಹೋಗಿ ನೋಡಿದಳು. ಪಟ್ಟಿಯಲ್ಲಿ ಮೀನಿನ ಎದುರು "ಇಂದಿನ ದರ" ಎಂದಷ್ಟೇ ಬರೆದಿತ್ತು. ಕಿಮ್‌ಹಾಯ್ ಬಿಲ್ಲು ಕಂಡರೆ ಮುಖ ಗಂಟು ಹಾಕುತ್ತಾನೆ, ಬೇಡ. ಸಂತೆಯ ಹಿಂದಿನ ಅಂಗಡಿಯಲ್ಲಿ ರುಚಿಯಿತ್ತು, ಆದರೆ ಪ್ಲಾಸ್ಟಿಕ್ ಸ್ಟೂಲು; ಸ್ಯೂಗ್ವೆ ಮೂಗು ಮುರಿಯುತ್ತಾಳೆ, ಅದೂ ಬೇಡ. ಕೊನೆಗೆ ಆಚುನ್ ಎಂಬಾಕೆಯ ಅಂಗಡಿಯ ಮಹಡಿ ಹಿಡಿಸಿತು. ತಿರುಗುವ ದುಂಡು ಮೇಜು, ಶುಚಿಯಾದ ಪಾಯಿಖಾನೆ, ವ್ಯಾನಿಗೆ ಜಾಗ. ಬೊಂಗ್ಯೋ ಅಡುಗೆಮನೆಗೇ ನುಗ್ಗಿ ಎಣ್ಣೆ ಮೂಸಿದಳು.

"ಹೆಣ್ಣು ತೋರಿಸೋ ಊಟಾನಾ ಅಕ್ಕ?" ಎಂದು ಆಚುನ್ ನಕ್ಕಳು.

"ಹೂಂ ಕಣೇ, ನಂದೇ," ಎಂದಳು ಬೊಂಗ್ಯೋ. "ಎಂಟು ಬಗೆ ಹಾಕು. ಮೀನು ಹಬೆಯಲ್ಲಿ ಬೆಂದಿರ್ಲಿ, ಕಣ್ಣು ಹೋಗಿರ್ಬಾರ್ದು. ಸಾರಿಗೆ ಚಿಪ್ಪುಮೀನು ಬೇಡ, ಹಾಗಲಕಾಯಿ ಅನಾನಸ್ ಹಾಕಿ ಕೋಳಿ ಸಾರು ಮಾಡು. ನಮ್ಮಮ್ಮಂಗೆ ಅದಂದ್ರೆ ಪ್ರಾಣ."

ಆ ದಿನ ಬೆಳಿಗ್ಗೆ ಪುರೋಹಿತ ಹಲಗೆ ಬಿಚ್ಚಿದ. ಬೊಂಗ್ಯೋ ಹಿಂದೆ ನಿಂತು ಕತ್ತು ಚಾಚಿ ನೋಡಿದಳು. ಅಮ್ಮನ ಹೆಸರಿನ ಪಕ್ಕ ಎರಡು ಬೆರಳಗಲ ಖಾಲಿ ಇತ್ತು. ಧಾರಾಳವಾಯಿತು ಅಂದುಕೊಂಡಳು.

ಮಧ್ಯಾಹ್ನ ಆಚುನ್‌ಳ ಮಹಡಿಯಲ್ಲಿ ಬೊಂಗ್ಯೋ ಎಂದಿನಂತೆ ತಟ್ಟೆಗಳು ಒಳಬರುವ ಕಡೆಯ ಕುರ್ಚಿಯಲ್ಲಿ ಕೂತಳು. ಕಳಲೆ ಬಂತು, ಗುಲಾಬಿ ಸೀಗಡಿಯ ಅನ್ನ ಬಂತು, ಎಳ್ಳೆಣ್ಣೆಯ ಕೋಳಿ ಬಂತು. ಕಿಮ್‌ಹಾಯ್ ಎರಡು ಲೋಟ ಬಿಯರು ಇಳಿಸಿ, "ಅಕ್ಕನ ಕೈಗೆ ಹೋಟ್ಲು ಬಿಟ್ರೆ ಕಣ್ಮುಚ್ಚಿ ಹೋಗ್ಬೋದು ನೋಡ್ರೋ!" ಎಂದ. ಸ್ಯೂಗ್ವೆ ಕೂಡ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಮೀನು ಬಂದು, ಮೇಲಿನ ಅರ್ಧ ಖಾಲಿಯಾಗಿ ಮುಳ್ಳು ಕಾಣಿಸಿತು. ಎಲ್ಲರ ಮುಖದಲ್ಲೂ ಎಣ್ಣೆಯ ಹೊಳಪು. ಇದೇ ಹೊತ್ತು ಎಂದು ಬೊಂಗ್ಯೋ ಬಾಯಿಬಿಟ್ಟಳು.

"ಕಿಮ್‌ಹಾಯ್, ಮುದ್ರೆ ತಂದಿದೀನಿ. ಮನೆ ನೀವೇ ಇಟ್ಕೊಳ್ಳಿ. ನಂಗೆ ಒಂದೇ ಒಂದು. ನಾನು ಹೋದ್ಮೇಲೆ ಹಲಗೇಲಿ ನನ್ನ ಹೆಸರೂ ಹಾಕ್ಸು. ಅಮ್ಮನ ಪಕ್ಕ ಜಾಗ ಇದೆ, ಬೆಳಿಗ್ಗೆ ನೋಡ್ದೆ."

ಕಿಮ್‌ಹಾಯ್ ಹೆಂಡತಿಯ ಮುಖ ನೋಡಿದ. ಬೂನ್‌ತೊಂಗ್ ತನ್ನ ಹೆಬ್ಬೆರಳು ನೋಡಿಕೊಂಡ. ಮಾತಾಡಿದವಳು ಸ್ಯೂಗ್ವೆ, ಅದೂ ನಗುನಗುತ್ತ.

"ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಂಡಿದೀರಾ ಅಕ್ಕ! ನಾವಾಗ್ಲೇ ನೋಡ್ಕೊಂಡು ಬಂದಾಯ್ತು. ಗುಡ್ಡದ ಮೇಲಿನ ಮಠ ಇದೆಯಲ್ಲ, ಅಲ್ಲಿ. ನಿಮ್ಮ ಹಾಗೇ ಮದುವೆ ಇಲ್ದೆ ಹೋದೋರ ಹೆಸರು ಇಡೋಕೆ ಅಂತಾನೇ ಒಂದು ಹಜಾರ ಇದೆ. ತೀರಾ ದುಬಾರೀನೂ ಅಲ್ಲ, ತೀರಾ ಅಗ್ಗದ್ದೂ ಅಲ್ಲ. ಮಧ್ಯದ ಸಾಲು ಹೇಳಿದೀವಿ. ಗಾಳಿ ಬೆಳಕು ಚೆನ್ನಾಗಿದೆ, ವ್ಯಾನು ನಿಲ್ಸೋಕೂ ಜಾಗ ಇದೆ. ನೀವಲ್ಲಿ ಆರಾಮಾಗಿರ್ತೀರಿ."

ಮೂವತ್ತು ವರ್ಷ ಬೊಂಗ್ಯೋ ಇವರಿಗಾಗಿ ಹುಡುಕಿದ ರೀತಿಯಲ್ಲೇ ಇವರು ಅವಳ ಸಾವಿಗೊಂದು ಜಾಗ ಹುಡುಕಿ ಬಂದಿದ್ದರು.

"ಮನೇಲಿ ಯಾಕಾಗಲ್ಲ?" ಎಂದು ಕೇಳಿದಳು.

"ನಾಳೆ ಸೊಸೆ ಬರೋ ಮನೆ ಅಕ್ಕ. ಹೆಣ್ಣಿನ ಕಡೆಯೋರು ಮೊದ್ಲು ನೋಡೋದೇ ಹಲಗೆ. ಮದುವೆ ಆಗ್ದಿರೋ ಹೆಣ್ಣಿನ ಹೆಸರು ಕಂಡ್ರೆ ಎದ್ದು ಹೋಗ್ತಾರೆ. ಚೀಹೊಂಗ್‌ಗೆ ಒಳ್ಳೇದಾಗ್ಲಿ ಅಂತ ನಿಮಗಿಲ್ವಾ?"

ಬೊಂಗ್ಯೋ ಚೀಹೊಂಗ್‌ನತ್ತ ನೋಡಿದಳು. ಅವಳ ಬೆನ್ನ ಮೇಲೆ ಬೆಳೆದ ಹುಡುಗ, ಈಗ ಇಪ್ಪತ್ತೆಂಟು ವರ್ಷದ ಗಂಡು. ಕಿಮ್‌ಹಾಯ್‌ನ ದೋಣಿಯಲ್ಲೇ ದುಡಿಮೆ, ನಾಳೆ ಬೆಳಿಗ್ಗೆ ಮತ್ತೆ ಕಡಲಿಗೆ. ಅವನು ಬಾಯಿ ತೆರೆದ. ತಾಯಿಯ ಕಣ್ಣು ಕಂಡು ಮುಚ್ಚಿದ. ಬಟ್ಟಲಿನ ಅನ್ನವನ್ನು ಊಟದ ಕಡ್ಡಿಯಿಂದ ಸುಮ್ಮನೆ ಕೆದಕುತ್ತ ಕೂತ.

ಮೇಜಿನ ಮಧ್ಯೆ ಮೀನು ಕಾಯುತ್ತಿತ್ತು. ದೋಣಿಯವರ ಮನೆಯಲ್ಲಿ ತಟ್ಟೆಯ ಮೀನನ್ನು ಮಗುಚುವುದಿಲ್ಲ. ಮೀನು ಮಗುಚಿದರೆ ದೋಣಿ ಮಗುಚುತ್ತದೆ. ನಡುಮುಳ್ಳನ್ನು ಇಡಿಯಾಗಿ ಎತ್ತಿ ತೆಗೆದು ಕೆಳಗಿನ ಅರ್ಧವನ್ನು ತಿನ್ನಬೇಕು. ತುಂಡಾಗದಂತೆ ಅದನ್ನು ಎತ್ತಲು ಆ ಮನೆಯಲ್ಲಿ ಬರುತ್ತಿದ್ದದ್ದು ಬೊಂಗ್ಯೋಗೆ ಮಾತ್ರ. ಅಪ್ಪ ಹೋದ ವರ್ಷದಿಂದ ಅದು ಅವಳದೇ ಕೆಲಸ.

ಅವಳು ಮೇಜನ್ನು ತಿರುಗಿಸಿ ಮೀನನ್ನು ತನ್ನ ಮುಂದೆ ತಂದುಕೊಂಡಳು. ಎರಡೂ ಕಡ್ಡಿಗಳನ್ನು ಮುಳ್ಳಿನ ಕೆಳಗಲ್ಲ, ಮೀನಿನ ಕೆಳಗೆ ತೂರಿಸಿದಳು. ಮೀನು ಒಂದು ಬದಿಗೆ ವಾಲಿತು.

"ಅಕ್ಕಾ!" ಎಂದ ಕಿಮ್‌ಹಾಯ್. ಮುಖದ ಬಿಯರು ಇಳಿದುಹೋಗಿತ್ತು. "ಏನ್ ಮಾಡ್ತಿದೀಯ ಅಕ್ಕಾ, ನಿನ್ನ ದಮ್ಮಯ್ಯ!"

ಸ್ಯೂಗ್ವೆ ಎದ್ದು ನಿಂತಿದ್ದಳು. ಮಗುಚಬೇಕೆಂದು ಬೊಂಗ್ಯೋಳ ಕೈ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ದೋಣಿಯಲ್ಲಿ ಹೋಗುವವನು ಚೀಹೊಂಗ್. ಬಾಯಿಲ್ಲದ ಮುಂಡೇದು, ಆದರೂ ಅವಳು ಸಾಕಿದ ಹುಡುಗ. ಅವಳು ಕಡ್ಡಿ ಹಿಂತೆಗೆದು ಮುಳ್ಳಿನ ಕೆಳಗೆ ಹಾಕಿದಳು, ತಲೆಯಿಂದ ಬಾಲದವರೆಗೆ ಒಂದೇ ಎತ್ತಿನಲ್ಲಿ ತೆಗೆದು ಬದಿಗಿಟ್ಟಳು. ಹೊಟ್ಟೆಯ ಕೊಬ್ಬಿನ ತುಂಡನ್ನು ಎಂದಿನಂತೆ ಚೀಹೊಂಗ್‌ನ ಬಟ್ಟಲಿಗೆ ಹಾಕಿದಳು.

"ನಮ್ಮಕ್ಕನ ಮನಸ್ಸು ಬಂಗಾರ," ಎಂದು ಕಿಮ್‌ಹಾಯ್ ಬೆವರೊರೆಸಿಕೊಂಡ. ಸ್ಯೂಗ್ವೆಯೂ ಕೂತಳು. ಕಾಗದದ ಕಡತವನ್ನು ಮೇಜಿನ ಮೇಲಿಟ್ಟು, ಕೆಂಪು ಶಾಯಿಯ ಡಬ್ಬಿ ತೆರೆದು ಬೊಂಗ್ಯೋಳ ಕಡೆಗೆ ತಿರುಗಿಸಿದಳು.

ಬೊಂಗ್ಯೋ ಚೀಲದಿಂದ ಮುದ್ರೆ ತೆಗೆದಳು. ನಲವತ್ತೊಂಬತ್ತು ವರ್ಷದ ಶಾಯಿ ಕುಡಿದು ಅದರ ತುದಿ ಕಪ್ಪಾಗಿತ್ತು. ಅಂಗೈಯಲ್ಲಿಟ್ಟು ಅವರಿಗೆ ತೋರಿಸಿದಳು.

"ನನ್ನ ಹೆಸರು ಕೆತ್ತಿರೋ ಮರದ ತುಂಡು ಅಂತ ಈ ಲೋಕದಲ್ಲಿ ಇರೋದು ಇದೊಂದೇ ಕಣ್ರೋ," ಎಂದಳು. "ಇದನ್ನ ಒತ್ತಿ ನನ್ನ ನಾನೇ ಆಚೆ ಹಾಕ್ಕೊಳ್ಳಲಾ?"

ಮುದ್ರೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಕೆಳಗಿಳಿಯುವಾಗ ಆಚುನ್, "ಊಟ ಹೆಂಗಿತ್ತಕ್ಕ? ಎಲ್ರಿಗೂ ಹಿಡಿಸ್ತಾ?" ಎಂದಳು. "ನಿನ್ನ ಅಡುಗೇಲಿ ಏನೂ ತಪ್ಪಿಲ್ಲ," ಎಂದಳು ಬೊಂಗ್ಯೋ. ಹಾಗಲಕಾಯಿಯ ಸಾರು ಆಗಷ್ಟೇ ಮೇಲಕ್ಕೆ ಹೋಗುತ್ತಿತ್ತು.

ಆಮೇಲೆ ಅವಳಿಗೆ ಹೋಟೆಲು ಹುಡುಕು ಎಂಬ ಫೋನು ಬರಲಿಲ್ಲ. ಹಳೆಯ ಮನೆ ನಿಂತಿದೆ, ಅವಳೊಬ್ಬಳೇ ಇದ್ದಾಳೆ. ಅಮ್ಮನ ಎರಡನೇ ವರ್ಷದ ದಿನ ಉಳಿದವರೆಲ್ಲ ಗಾಜಿನ ತೊಟ್ಟಿಯ ಭೋಜನಶಾಲೆಗೆ ಹೋಗಿದ್ದರಂತೆ. ಸಂಜೆ ಚೀಹೊಂಗ್ ಕಳ್ಳನಂತೆ ಹಿಂಬಾಗಿಲಿಂದ ಬಂದು ಮೆಟ್ಟಿಲ ಮೇಲೆ ಕೂತ.

"ಊಟ ಚೆನ್ನಾಗಿರ್ಲಿಲ್ಲ ಅತ್ತೆ. ಮುಳ್ಳು ತೆಗೆಯೋಕೆ ಯಾರಿಗೂ ಬರ್ಲಿಲ್ಲ. ಮೀನಿನ ಕೆಳಗಿನ ಅರ್ಧ ಹಾಗೇ ವಾಪಸ್ ಹೋಯ್ತು."

ಬೊಂಗ್ಯೋ ಸೀಗಡಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹೊಟ್ಟೆ ತುಂಡು ನಿಂಗೆ ಸಿಗ್ಲಿಲ್ವಾ?" ಎಂದು ಕೇಳಿದಳು.

"ಇಲ್ಲ ಅತ್ತೆ."

"ಸಿಗಲ್ಲ," ಎಂದಳು ಬೊಂಗ್ಯೋ.